ಹಗ್ಗದ ಇನ್ನೊಂದು ತುದಿ

ಕನ್ನಡದಲ್ಲಿ 'ಸೂರು' ಎಂಬುದೊಂದು ಒಳ್ಳೆಯ ಮಾತು. ಮನುಷ್ಯನಿಗೆ ಬೇಕಾದ್ದೇನು ಎಂದು ಕೇಳಿದರೆ ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ, ತಲೆಯ ಮೇಲೊಂದು ಸೂರು ಎನ್ನುತ್ತೇವೆ. ಪಾಠ ಹೇಳುವ ಕಸುಬಿನವನಾದ ನನಗೆ ಇಂಥ ಮಾತುಗಳನ್ನು ತಿರುವಿ ನೋಡುವ ಚಟ ಉಂಟು. 'ತಲೆಯ ಮೇಲೆ' ಎನ್ನುತ್ತೇವಲ್ಲ, ಅದು ಒಳಗೆ ಕುಳಿತವನ ಮಾತು. ಹೊರಗಿನಿಂದ ಏಣಿ ಹಾಕಿ ಹತ್ತಿದವನಿಗೆ ಅದೇ ಸೂರು ಕಾಲ ಕೆಳಗಿನದು. ಮಾಡು, ಮಾಳಿಗೆ, ಚಾವಣಿ, ತಾರಸಿ ಎಂದು ಹೆಸರುಗಳೇನೋ ನಮ್ಮಲ್ಲಿ ಬೇಕಾದಷ್ಟಿವೆ. ಎಲ್ಲವೂ ಮನೆಯೊಡೆಯನೇ ಇಟ್ಟ ಹೆಸರುಗಳಿರಬೇಕು. ಹತ್ತಿದವನು ತನ್ನ ಕಡೆಯಿಂದ ಅದಕ್ಕೊಂದು ಹೆಸರಿಟ್ಟಿದ್ದರೆ ಅದು ಇಷ್ಟು ಹಿತವಾಗಿ ಕೇಳುತ್ತಿತ್ತೋ ಇಲ್ಲವೋ ಹೇಳಲಾರೆ.

ನಮ್ಮ ಮನೆಯ ಮಾಳಿಗೆಯನ್ನು ನಾವು ಸರಿಯಾಗಿ ನೋಡುವುದೇ ಇಲ್ಲ. ಪಕ್ಕದ ಮನೆಯದನ್ನು ನೋಡುತ್ತೇವೆ, ಅದೂ ಅವರು ಹಪ್ಪಳ ಸಂಡಿಗೆ ಒಣಹಾಕಿದ್ದರೆ. ನನಗೆ ಈ ಭಾಗ್ಯ ಒದಗಿದ್ದು ಮೆಟ್ರೋ ರೈಲಿನಿಂದ. ವಿಜಯನಗರದ ಕಡೆಗೆ ರೈಲು ಬಂದದ್ದು 2015ರಲ್ಲಿ; ಕೆಂಗೇರಿಯವರೆಗೆ ಅದು ಮುಂದುವರಿದದ್ದು 2021ರಲ್ಲಿ. ಆವತ್ತಿನಿಂದ ನಾನು ಕಾಲೇಜಿಗೆ ಹೋಗುವುದು ಜನರ ತಲೆಯ ಮೇಲೆ. ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ ಎಂದು ರೈಲು ಸಾಗುತ್ತಿದ್ದರೆ ಎರಡು ಕಡೆಗೂ ಮಾಳಿಗೆಗಳ ಒಂದು ಬೇರೆಯೇ ಊರು. ಆ ಊರಿಗೆ ಬೀದಿಯಿಲ್ಲ, ದೀಪವಿಲ್ಲ, ಕಾವಲಿಲ್ಲ. ಕರಿಯ ಟ್ಯಾಂಕು, ಬಿಸಿನೀರಿನ ಸೋಲಾರು, ಡಿಶ್ಶು, ಆಷಾಢದಲ್ಲಿ ಗಾಳಿಪಟ ಹಿಡಿದ ಹುಡುಗರು. ಇವುಗಳ ನಡುವೆ ದಿನವೂ ಒಬ್ಬನಾದರೂ ಕಣ್ಣಿಗೆ ಬೀಳುತ್ತಾನೆ. ಟ್ಯಾಂಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಪೈಪು ತಿರುಗಿಸುತ್ತಿರುತ್ತಾನೆ, ಇಲ್ಲವೆ ಗೋಡೆಯ ಅಂಚಿನಲ್ಲಿ ನಿಂತು ಕೆಳಗಿನವನಿಂದ ಬಣ್ಣದ ಡಬ್ಬಿ ಸೇದಿಕೊಳ್ಳುತ್ತಿರುತ್ತಾನೆ. ಅವನ ಬೆನ್ನ ಹಿಂದೆ ಒಂದು ಗೇಣು ಜಾಗ, ಅದರಾಚೆ ಬರಿಯ ಗಾಳಿ. ರೈಲು ಮುಂದಕ್ಕೆ ಹೋಗುತ್ತದೆ. ಅವನೇನಾದ ಎಂದು ಸಂಜೆ ಹಿಂದಿರುಗುವಾಗ ನೋಡಿದರೆ ಅವನಿರುವುದಿಲ್ಲ. ಕೆಲಸ ಮುಗಿಸಿ ಇಳಿದು ಹೋದ ಎಂದುಕೊಳ್ಳುತ್ತೇನೆ.

ಹಿಂದೆ ಹೀಗಿರಲಿಲ್ಲ. ಹೆಂಚಿನ ಮನೆಗಳ ಕಾಲದಲ್ಲಿ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹೆಂಚು ಕೈಯಾಡಿಸುವವನು ಬರುತ್ತಿದ್ದ. ಒಡೆದದ್ದನ್ನು ತೆಗೆದು ಹೊಸದನ್ನು ಹೊದಿಸಿ ಇಳಿದರೆ ಮುಂದಿನ ವರ್ಷದವರೆಗೆ ಮಾಡಿನ ಮೇಲೆ ಬೆಕ್ಕು ಕೋತಿಗಳದೇ ರಾಜ್ಯ. ಕಾಂಕ್ರೀಟಿನ ತಾರಸಿ ಬಂದ ಮೇಲೆ ಅಡಿಗೆಮನೆಗೂ ಪಡಸಾಲೆಗೂ ಹಿಡಿಸದ ವಸ್ತುಗಳೆಲ್ಲ ಒಂದೊಂದಾಗಿ ಮೇಲೆ ಹತ್ತಿದವು. ಮೊದಲು ದೂರದರ್ಶನದ ಕೋಲು, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಸೋಲಾರು. 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಗಿ, ಇಂತಿಷ್ಟು ಅಳತೆಗೆ ಮೇಲ್ಪಟ್ಟ ನಿವೇಶನಗಳಲ್ಲಿ ಮಳೆನೀರು ಹಿಡಿಯುವುದು ಕಡ್ಡಾಯವಾಯಿತು. ಹಿಡಿಯಬೇಕಾದರೆ ತಾರಸಿ ಗುಡಿಸಬೇಕು, ಕೊಳವೆಗಳ ಬಾಯಿ ಬಿಡಿಸಬೇಕು. 2024ರಲ್ಲಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಬಂದು, ಸಹಾಯಧನದ ಆಸೆಗೆ ವಿದ್ಯುತ್ತಿನ ಫಲಕಗಳೂ ಮೇಲೇರತೊಡಗಿವೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಬಿಸಿಲು ಮಳೆ ಎರಡನ್ನೂ ವ್ಯರ್ಥ ಮಾಡಬಾರದೆಂಬ ಬುದ್ಧಿ ನಮಗೆ ತಡವಾಗಿಯಾದರೂ ಬಂತಲ್ಲ ಎಂದು ಸಂತೋಷಪಡಬೇಕು. ಆದರೆ ಪ್ರತಿಯೊಂದಕ್ಕೂ ಒಬ್ಬ ಮನುಷ್ಯ ಮೇಲೆ ಹತ್ತಬೇಕು, ಮತ್ತೆ ಮತ್ತೆ ಹತ್ತಬೇಕು. ಅವನಿಗೆ ಅಲ್ಲಿ ಏನು ಆಧಾರ ಎಂಬ ಪ್ರಶ್ನೆ ಯಾವ ಯೋಜನೆಯ ಜೊತೆಗೂ ನಮ್ಮ ಮನೆಯ ಬಾಗಿಲಿಗೆ ಬರಲಿಲ್ಲ.

ತಾರಸಿಗೆ ಸುತ್ತಲೂ ಮೋಟುಗೋಡೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದು ಕನಿಷ್ಠ ಒಂದು ಮೀಟರು ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮೋಟುಗೋಡೆಯ ನಿಯಮ ಬಹಳ ಹಳೆಯದು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಧರ್ಮೋಪದೇಶಕಾಂಡವೆಂಬ ಭಾಗವುಂಟು. ಅದರ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟಿಸುವವನು ಮಾಳಿಗೆಗೆ ಸುತ್ತುಗೋಡೆ ಹಾಕಿಸಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ದೋಷ ಆ ಮನೆಗೆ ಅಂಟುತ್ತದೆ ಎಂಬ ಅರ್ಥದ ಕಟ್ಟಳೆಯಿದೆ. ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಆ ಕಟ್ಟಳೆ ಬೀಳುವವನಿಗೆ 'ಜೋಪಾನವಾಗಿ ನಡೆ' ಎಂದು ಬುದ್ಧಿ ಹೇಳುವುದಿಲ್ಲ. ಕಟ್ಟಿಸುವವನಿಗೆ 'ಗೋಡೆ ಹಾಕಿಸು' ಎನ್ನುತ್ತದೆ.

ನಮ್ಮ ಬಡಾವಣೆಗಳಲ್ಲಿ ಗೋಡೆಯೇನೋ ಉಂಟು, ಆದರೆ ಬೇಕಾದ ಕಡೆಯಲ್ಲಿಲ್ಲ. ರಾಜಾಜಿನಗರದಿಂದ ಹಿಡಿದು ಬಸವೇಶ್ವರನಗರದವರೆಗೆ ಮೂವತ್ತು ನಲವತ್ತರ ನಿವೇಶನದ ಯಾವ ಮನೆಯನ್ನಾದರೂ ನೋಡಿ. ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಒಂದು ಪುಟ್ಟ ಕೋಣೆ, ಆ ಕೋಣೆಯ ತಲೆಯ ಮೇಲೆ ಇನ್ನೊಂದು ತಾರಸಿ. ನೀರು ಕೆಳಗೆ ಜೋರಾಗಿ ಬರಬೇಕಲ್ಲ, ಟ್ಯಾಂಕು ಕೂರುವುದು ಅಲ್ಲಿ. ಅದಕ್ಕೆ ಸುತ್ತುಗೋಡೆ ಇರುವುದಿಲ್ಲ. ಗೋಡೆಗೆ ನೆಟ್ಟ ಕಬ್ಬಿಣದ ಬಳೆಗಳೋ ಒಂದು ತುಕ್ಕು ಹಿಡಿದ ಏಣಿಯೋ ಅಲ್ಲಿಗೆ ದಾರಿ. ಟ್ಯಾಂಕು ತುಂಬಿ ಹರಿದು ಹರಿದು ಅಂಚಿನಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ. ನಾವು ಸಂಜೆ ಗಾಳಿಗೆ ನಿಲ್ಲುವ ಜಾಗಕ್ಕೆ ಎದೆಮಟ್ಟದ ಗೋಡೆ. ಕೆಲಸದವನು ಹತ್ತಲೇಬೇಕಾದ ಜಾಗಕ್ಕೆ ಏನೂ ಇಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ಅಂಥ ಒಂದು ಮನೆಯ ಮೇಲೆ ಟ್ಯಾಂಕು ತೊಳೆಯಲು ಬಂದ ಹುಡುಗ ಜಾರಿ ಬಿದ್ದ. ರಾಯಚೂರು ಕಡೆಯವನು, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಅವನು ಮನೆಯ ಅಂಚಿನಿಂದ ಬೀದಿಗೆ ಬೀಳಲಿಲ್ಲ. ಮೆಟ್ಟಿಲ ಕೋಣೆಯ ಮೇಲಿನಿಂದ ಕೆಳಗಿನ ತಾರಸಿಗೇ ಬಿದ್ದ. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ನಡು ತಗಲಿತು. ಪ್ರಾಣ ಹೋಗಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮನೆಯೊಡೆಯರು ಸಜ್ಜನರು. ಆಸ್ಪತ್ರೆಗೆ ತಾವೇ ಕರೆದೊಯ್ದರು, ಮೊದಲ ಖರ್ಚನ್ನು ತಾವೇ ಕೊಟ್ಟರು. ಅದರಿಂದಾಚೆಗೆ ಯಾರೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹುಡುಗನನ್ನು ಊರಿಗೆ ಒಯ್ದರು.

ಎರಡು ತಿಂಗಳ ತರುವಾಯ ಅವನ ತಾಯಿ ಬಂದಳು. ಅವನು ಇದ್ದ ಕೋಣೆಯಿಂದ ಟ್ರಂಕು ತೆಗೆದುಕೊಂಡು ಹೋಗುವುದಕ್ಕೆ ಬಂದವಳು, ಮಗ ಬಿದ್ದ ಜಾಗ ತೋರಿಸಿ ಎಂದು ಕೇಳಿದಳಂತೆ. ಮನೆಯೊಡೆಯರಿಗೆ ಒಬ್ಬರೇ ಕರೆದುಕೊಂಡು ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದರು. ನಾವು ಮೂವರೂ ಹತ್ತಿದೆವು. ಆಕೆ ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾವಿಬ್ಬರೂ ಅಂಜಿಕೊಂಡಿದ್ದೆವು. ಆಕೆ ತಲೆಯೆತ್ತಿ ಟ್ಯಾಂಕನ್ನು ನೋಡಿದಳು, ತಗ್ಗಿಸಿ ನೆಲವನ್ನು ನೋಡಿದಳು. ಕಣ್ಣಿನಲ್ಲೇ ಅಳತೆ ಮಾಡುತ್ತಿದ್ದ ಹಾಗೆ ತೋರಿತು. ಕೊನೆಗೆ, "ಇಷ್ಟ ಏನ್ರೀ ಎತ್ತರ?" ಎಂದಳು. ಮುಂದೆ ಮಾತಾಡಲಿಲ್ಲ. ಮಗ ಬಿದ್ದನೆಂದ ಮೇಲೆ ಬೆಂಗಳೂರಿನ ಯಾವುದೋ ಆಕಾಶದೆತ್ತರದ ಕಟ್ಟಡವನ್ನು ಆಕೆ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಿರಬೇಕು. ಇಲ್ಲಿದ್ದದ್ದು ಎಂಟೂವರೆ ಅಡಿ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಿತ್ರರ ಮುಂದೆ ಅದನ್ನು ಇಟ್ಟೆ. ಅವರು ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿ ಕೊಟ್ಟರು. ಎಂಟೂವರೆ ಅಡಿಯಿಂದ ಬಿದ್ದವನು ನೆಲ ಮುಟ್ಟುವುದಕ್ಕೆ ಮುಕ್ಕಾಲು ಸೆಕೆಂಡು ಕೂಡ ಹಿಡಿಯುವುದಿಲ್ಲ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 25 ಕಿಲೋಮೀಟರು. ಆ ವೇಗದಲ್ಲಿ ಓಡುವ ಬಸ್ಸಿನಿಂದ ಕಲ್ಲಿನ ಮೇಲೆ ಧುಮುಕು ಎಂದರೆ ಯಾರೂ ಧುಮುಕುವುದಿಲ್ಲ. ಮುಕ್ಕಾಲು ಸೆಕೆಂಡಿನಲ್ಲಿ 'ಅಯ್ಯೋ' ಎಂಬ ಮಾತೂ ಪೂರ್ತಿಯಾಗುವುದಿಲ್ಲ. ಇನ್ನು ಕೈಚಾಚಿ ಏನನ್ನಾದರೂ ಹಿಡಿಯುವ ಮಾತೆಲ್ಲಿ ಬಂತು? ಅನುಭವಸ್ಥ ಬೀಳುವುದಿಲ್ಲ, ಬಿದ್ದರೂ ಸಾವರಿಸಿಕೊಳ್ಳುತ್ತಾನೆ ಎಂಬ ನಮ್ಮ ನಂಬಿಕೆ ಈ ಚೀಟಿಯ ಮುಂದೆ ನಿಲ್ಲಲಾರದು. ಎತ್ತರವಾದರೆ ಭಯವಿರುತ್ತದೆ, ಭಯವಿದ್ದರೆ ಎಚ್ಚರಿಕೆ ಇರುತ್ತದೆ. ಎಂಟು ಹತ್ತು ಅಡಿಗೆ ಯಾರು ಹೆದರುತ್ತಾರೆ?

ಬೀದಿಯಲ್ಲಿ ಈ ವಿಷಯ ಒಂದು ವಾರ ಚರ್ಚೆಯಾಯಿತು. ಹಣೆಬರಹ ಎಂದರು ಕೆಲವರು. ಈ ಕಾಲದ ಹುಡುಗರಿಗೆ ಮೊಬೈಲಿನ ಮೇಲೆಯೇ ಗಮನ ಎಂದರು ಇನ್ನು ಕೆಲವರು. ಅವನ ಮೊಬೈಲು ಕೆಳಗೆ ಚೀಲದಲ್ಲಿತ್ತು. ಬೆಲ್ಟು ಹಾಕಿಕೊಳ್ಳಬೇಕಿತ್ತು ಎಂದು ಒಬ್ಬರು ಹೇಳಿದರು. ಹಾಕಿಕೊಳ್ಳಬೇಕಿತ್ತು ಎಂಬುದನ್ನು ಎಲ್ಲರೂ ಒಪ್ಪಿದರು, ಅಲ್ಲಿಗೆ ಚರ್ಚೆ ಮುಗಿಯಿತು. ತಪ್ಪು ಬಿದ್ದವನ ಸೊಂಟದಲ್ಲೇ ಉಳಿದದ್ದರಿಂದ ನಮಗೆಲ್ಲ ಮನಸ್ಸು ಹಗುರವಾಯಿತು.

ಈ 'ಬೆಲ್ಟು' ಎಂಬ ವಸ್ತುವನ್ನು ನಾನು ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು ಎಂದು ನಮ್ಮ ವಿಭಾಗದಲ್ಲಿ ಕೇಳಿದಾಗ ಹಿರಿಯರೊಬ್ಬರು 'ಪತನನಿರೋಧಕ ಕವಚ' ಎಂದರು. ಆ ಹೆಸರು ಹೇಳಿ ಮುಗಿಸುವುದರೊಳಗೆ ಮನುಷ್ಯ ಎರಡು ಸಾರಿ ಬಿದ್ದಿರುತ್ತಾನೆ. ಕೆಲಸದವರು ಬೆಲ್ಟು ಎನ್ನುತ್ತಾರೆ, ನಾವೂ ಹಾಗೆಯೇ ಅನ್ನೋಣ. ಆದರೆ ಅದು ಬರಿಯ ಸೊಂಟದ ಪಟ್ಟಿಯಾಗಿರಬಾರದು. ಸೊಂಟವೊಂದನ್ನೇ ಹಿಡಿದರೆ ಬಿದ್ದವನ ದೇಹ ನಡುವಿಗೆ ಮಡಚಿಕೊಂಡು ಒಳಗಿನ ಅಂಗಗಳೇ ಜಜ್ಜಿಹೋಗಬಹುದು. ಸರಿಯಾದದ್ದು ಮೈಯನ್ನೆಲ್ಲ ಬಳಸಿರುತ್ತದೆ: ಎರಡು ಭುಜಕ್ಕೆ, ಎದೆಗೆ, ಎರಡು ತೊಡೆಗೆ ಪಟ್ಟಿ, ಬೆನ್ನಿನ ಮೇಲ್ಭಾಗದಲ್ಲಿ ಒಂದು ಕಬ್ಬಿಣದ ಬಳೆ. ಆ ಬಳೆಗೆ ಹಗ್ಗ, ಹಗ್ಗದ ತುದಿಗೆ ಕೊಂಡಿ. ಕೆಲವು ಹಗ್ಗಗಳಲ್ಲಿ ಮಡಿಸಿ ಹೊಲಿದ ಒಂದು ಪೊಟ್ಟಣವಿರುತ್ತದೆ. ಬಿದ್ದಾಗ ಅದರ ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಜಗ್ಗಿದ ಏಟನ್ನು ತಾನು ನುಂಗುತ್ತದೆ. ಭಾರತೀಯ ಮಾನಕದಲ್ಲಿ ಇದರ ಸಂಖ್ಯೆ 3521. ಕೊಳ್ಳುವವರು ಐ.ಎಸ್.ಐ. ಗುರುತು ನೋಡಿ ಕೊಳ್ಳಬೇಕು. ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟನ್ನು ಮತ್ತೆ ಬಳಸಬಾರದು. ಅದರ ಆಯುಸ್ಸು ಆ ಒಂದು ಸಲಕ್ಕೆ ತೀರಿತು.

ಹಗ್ಗ ಕಟ್ಟಿಕೊಂಡು ಮೇಲೇರುವುದು ನಮ್ಮವರಿಗೆ ಹೊಸತೂ ಅಲ್ಲ, ನಾಚಿಕೆಯದೂ ಅಲ್ಲ. ಹಳೆಯ ಮೈಸೂರಿನಲ್ಲಿ ಈಚಲ ಮರ ಹತ್ತುತ್ತಿದ್ದವನು ಮರಕ್ಕೂ ತನ್ನ ನಡುವಿಗೂ ಸೇರಿಸಿ ಹಗ್ಗ ಬಳಸಿಕೊಂಡೇ ಹತ್ತುತ್ತಿದ್ದ. ಅವನಿಗೆ ಮರವೇ ಆಧಾರ. ಹಗ್ಗದ ಎರಡು ತುದಿಯೂ ತನ್ನ ಬಳಿಯೇ ಇದ್ದದ್ದರಿಂದ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾಂಕ್ರೀಟಿನ ತಾರಸಿಯ ಮೇಲೆ ನಿಂತವನ ಗತಿ ಹಾಗಲ್ಲ. ಇದನ್ನು ನನಗೆ ತಿಳಿಯಹೇಳಿದವನು ನಮ್ಮ ಮನೆಗೆ ಕಳೆದ ವರ್ಷ ಸೋಲಾರಿನ ಕಂಬ ನೆಡಲು ಬಂದ ಮೇಸ್ತ್ರಿ. ಅವನಿಗೆ ಐವತ್ತು ದಾಟಿದೆ, ಮಾಗಡಿ ರಸ್ತೆಯ ಕಡೆ ಅವನು ಕಟ್ಟದ ಬೀದಿಯಿಲ್ಲ.

"ಏನಪ್ಪಾ ಮೇಸ್ತ್ರಿ, ಹುಡುಗರಿಗೆ ಬೆಲ್ಟು ತಂದಿದ್ದೀಯಾ?" ಎಂದು ಕೇಳಿದೆ.

"ಇದೆ ಮೇಷ್ಟ್ರೇ. ಗಾಡೀಲಿದೆ."

"ಮತ್ತೆ ಹಾಕಿಸಬಾರದೆ?"

ಅವನು ನಕ್ಕ. "ಹಾಕಿಸ್ತೀನಿ. ಹಾಕಿಸಿ ಕೊಂಡಿ ಎಲ್ಲಿಗೆ ಸಿಗಿಸ್ಲಿ ಹೇಳಿ. ನಿಮ್ಮ ಟ್ಯಾಂಕಿನ ಪೈಪಿಗಾ?"

ನಾನು ಸುತ್ತ ನೋಡಿದೆ. ಪ್ಲಾಸ್ಟಿಕ್ಕಿನ ಪೈಪು, ಬಟ್ಟೆ ಒಣಹಾಕುವ ತಂತಿ, ಒಂದು ಇಟ್ಟಿಗೆಯ ಮೋಟುಗೋಡೆ. ಬೀಳುವ ಮನುಷ್ಯನನ್ನು ಹಿಡಿಯುವಂಥದು ಒಂದೂ ಇರಲಿಲ್ಲ. "ಎಲ್ಲಾ ಮನೇಲೂ ಇದೇ ಕತೆ ಮೇಷ್ಟ್ರೇ. ಬೆಲ್ಟ್ ಹಾಕ್ಕೊಂಡು ಹಗ್ಗಾನ ಜೇಬಲ್ಲಿಟ್ಕೊಂಡು ಓಡಾಡ್ಬೇಕು. ಫೋಟೋಕ್ಕೆ ಚೆನ್ನಾಗಿರತ್ತೆ" ಎಂದ. ಇಷ್ಟು ದಿನ ನಾವು ಬೀದಿಯಲ್ಲಿ ನಿಂತು ಮಾತಾಡಿದ್ದು ಹಗ್ಗದ ಒಂದೇ ತುದಿಯ ವಿಷಯ. ಇನ್ನೊಂದು ತುದಿ ಮನೆಯದು. ಅದನ್ನು ಕೆಲಸದವನು ತನ್ನ ಚೀಲದಲ್ಲಿ ತರಲಾರ.

ಹಾಗೆಂದು ಕೆಲಸದವರ ಕಡೆಯಲ್ಲಿ ಎಲ್ಲವೂ ಸರಿಯಾಗಿದೆಯೆಂದಲ್ಲ. ಬೆಲ್ಟು ಮೈಗೆ ಸೆಕೆ, ಪಟ್ಟಿ ತೊಡೆಗೆ ಒತ್ತುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಕೊಂಡಿ ಬಿಚ್ಚಿ ಹಾಕಬೇಕು ಎಂದು ದೂರುತ್ತಾರೆ. ಗುತ್ತಿಗೆಯ ಕೆಲಸದಲ್ಲಿ ಕಳೆದ ನಿಮಿಷ ಕಳೆದ ಕಾಸು. ಆದರೆ ಭಯ ಹೋದವನ ಕೈ ಬೇಗ ಓಡುತ್ತದೆಂಬುದೂ ಉಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಜೋಸೆಫ್ ಸ್ಟ್ರಾಸ್ ಎಂಬ ಮುಖ್ಯ ಇಂಜಿನಿಯರು ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಆ ಕಾಲಕ್ಕೆ ಅದು ದುಂದುವೆಚ್ಚವೆನ್ನಿಸುವಂಥದು. ಹತ್ತೊಂಬತ್ತು ಮಂದಿ ಬಿದ್ದು, ಬಲೆಯಲ್ಲಿ ಸಿಕ್ಕಿ ಉಳಿದರು. ನರಕಕ್ಕೆ ಅರ್ಧ ದಾರಿ ಹೋಗಿ ಬಂದವರ ಕೂಟವೆಂದು ಅವರು ತಮಗೆ ತಾವೇ ಹೆಸರಿಟ್ಟುಕೊಂಡರು. ಬಲೆಯಿದ್ದುದರಿಂದ ಕೆಲಸ ಚುರುಕಾಯಿತೆಂದೂ ಹೇಳುತ್ತಾರೆ. ಆದರೆ 1937ರ ಫೆಬ್ರವರಿ 17ರಂದು ಸಾರವೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಬಿದ್ದು ಹತ್ತು ಮಂದಿ ಒಟ್ಟಿಗೆ ಸತ್ತರು. ಆಧಾರವೆಂದು ಕಟ್ಟಿದ್ದು ತಡೆಯಬೇಕಾದ ಭಾರವನ್ನು ತಡೆಯಬೇಕು. ಇಲ್ಲವಾದರೆ ಅದು ಇದ್ದೂ ಇಲ್ಲದ ಹಾಗೆ.

ತಾರಸಿಯ ಕೊಂಡಿಗೂ ಇದೇ ಮಾತು. ಅಮೆರಿಕದ ನಿಯಮದಂತೆ ಒಬ್ಬನನ್ನು ಹಿಡಿಯುವ ಕೊಂಡಿ 5000 ಪೌಂಡು, ಎಂದರೆ ಸುಮಾರು 2270 ಕಿಲೋಗ್ರಾಂ ಭಾರವನ್ನು ತಡೆಯಬೇಕು. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಇಷ್ಟೇಕೆ ಎಂದರೆ, ಬಿದ್ದು ಜಗ್ಗಿದ ಮನುಷ್ಯನ ಭಾರ ನಿಂತ ಮನುಷ್ಯನ ಭಾರವಲ್ಲ. ಬಾವಿಯಲ್ಲಿ ತುಂಬಿದ ಕೊಡ ಹಿಡಿದಿದ್ದ ಹಗ್ಗ ಕೈಜಾರಿ ಮತ್ತೆ ಥಟ್ಟನೆ ನಿಂತಾಗ ಅಂಗೈ ಏನಾಗುತ್ತದೆಂದು ಸೇದಿದವರಿಗೆ ಗೊತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬೆಲ್ಟಿನ ಹಗ್ಗ ಸಾಮಾನ್ಯವಾಗಿ 1.8 ಮೀಟರು. ಅದರ ಪೊಟ್ಟಣ ಬಿಚ್ಚಿದರೆ ಇನ್ನೊಂದು ಮೀಟರು. ಬೆನ್ನಿನ ಬಳೆಯಿಂದ ಪಾದದವರೆಗಿನ ಮನುಷ್ಯನ ಉದ್ದ ಒಂದೂವರೆ ಮೀಟರು. ಸ್ವಲ್ಪ ಅಂತರವನ್ನೂ ಸೇರಿಸಿದರೆ, ಕಾಲಮಟ್ಟದಲ್ಲಿ ಕೊಂಡಿ ಹಾಕಿದವನನ್ನು ಈ ಹಗ್ಗ ಪೂರ್ತಿಯಾಗಿ ಹಿಡಿಯಬೇಕಾದರೆ ಕೆಳಗೆ ಹದಿನೇಳು ಹದಿನೆಂಟು ಅಡಿ ತೆರಪು ಬೇಕು. ಆ ರಾಯಚೂರಿನ ಹುಡುಗ ಬಿದ್ದದ್ದು ಎಂಟೂವರೆ ಅಡಿ. ಉದ್ದ ಹಗ್ಗದ ಬೆಲ್ಟು ಹಾಕಿದ್ದರೂ ಅದು ಹಿಡಿಯುವ ಮೊದಲೇ ಅವನು ನೆಲ ಕಾಣುತ್ತಿದ್ದ. ನಮ್ಮ ಮನೆಗಳ ಮಟ್ಟಿಗೆ ಬೇಕಾದದ್ದು ಬಿದ್ದವನನ್ನು ಹಿಡಿಯುವ ಹಗ್ಗಕ್ಕಿಂತ ಹೆಚ್ಚಾಗಿ, ಬೀಳುವ ಜಾಗಕ್ಕೆ ಹೋಗಗೊಡದ ಹಗ್ಗ. ನಮ್ಮ ಹಳ್ಳಿಗಳಲ್ಲಿ ಹಸುವನ್ನು ಗೂಟಕ್ಕೆ ಕಟ್ಟುವವನಿಗೆ ಈ ಶಾಸ್ತ್ರ ಚೆನ್ನಾಗಿ ಗೊತ್ತು. ಹುಲ್ಲು ಮೇಯುವಷ್ಟು ಉದ್ದ, ಪಕ್ಕದವನ ಪೈರಿಗೆ ಬಾಯಿ ಹಾಕದಷ್ಟು ಗಿಡ್ಡ. ಗೂಟ ನಡುವೆ ಇರಬೇಕು, ಹಗ್ಗ ಅಂಚಿಗೆ ಒಂದು ಮೊಳ ಮೊದಲೇ ಮುಗಿಯಬೇಕು. ಜೊತೆಗೆ ಇನ್ನೊಬ್ಬ ಹತ್ತಿರದಲ್ಲಿರಬೇಕು. ಎತ್ತರದಿಂದ ಬಿದ್ದು ಹಗ್ಗದಲ್ಲಿ ತೂಗುವವನಿಗೆ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಅವನನ್ನು ಕೆಲವು ನಿಮಿಷಗಳಲ್ಲಿ ಇಳಿಸದಿದ್ದರೆ ಅದೇ ಅಪಾಯ.

ಕಾರ್ಖಾನೆಯ ಶೀಟು ಹೊದಿಸಿದ ಮಾಡುಗಳದು ಬೇರೆ ಕಥೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ಕಡೆ ಸಿಮೆಂಟ್ ಶೀಟಿನ ಷೆಡ್ಡುಗಳು ಸಾಲುಸಾಲಾಗಿವೆ. ಅಲ್ಲಿ ಅಪಾಯ ಅಂಚಿನಲ್ಲಷ್ಟೇ ಅಲ್ಲ, ಕಾಲಿಟ್ಟ ಕಡೆಯೆಲ್ಲ ಉಂಟು. ಬಿಸಿಲು ಮಳೆಗೆ ಹಳತಾದ ಶೀಟು ನೋಡಲು ಗಟ್ಟಿ, ಮೆಟ್ಟಿದರೆ ಹಪ್ಪಳ. ಬಲ್ಲವರು ಬೋಲ್ಟಿನ ಸಾಲು ನೋಡಿ, ಅದರಡಿಯ ತೊಲೆಯ ಗೆರೆಯ ಮೇಲೆ ಕಾಲಿಡುತ್ತಾರೆ. ಅದೂ ಸಾಲದು, ತೊಲೆಯಿಂದ ತೊಲೆಗೆ ಹಲಗೆ ಹಾಸಿಕೊಂಡೇ ನಡೆಯಬೇಕು.

ಇದಕ್ಕೆಲ್ಲ ಕಾನೂನಿಲ್ಲವೆ? ಉಂಟು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕೇಂದ್ರದ ಕಾಯಿದೆ ಬಂತು, 1998ರಲ್ಲಿ ಅದರ ನಿಯಮಗಳು ಬಂದವು. ಎತ್ತರದ ಕೆಲಸಕ್ಕೆ ಬೆಲ್ಟು ಬೇಕು, ಬಲೆ ಬೇಕು ಎಂದು ಅಲ್ಲಿ ವಿವರವಾಗಿ ಹೇಳಿತ್ತು. ಆದರೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆಗೆ ಆ ಕಾಯಿದೆ ಬರುತ್ತಿರಲಿಲ್ಲ. ಸ್ವಂತ ವಾಸದ ಮನೆಯಾದರೆ ಹತ್ತು ಲಕ್ಷದವರೆಗಿನ ಕೆಲಸ ಅದರಿಂದ ಹೊರಗೆ. ಅದರ ಸ್ಥಾನದಲ್ಲಿ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲೂ ಹತ್ತು ಜನರ ಎಣಿಕೆ ಉಳಿದಿದೆ. ಸ್ವಂತ ಮನೆಯ ಮಿತಿ ಐವತ್ತು ಲಕ್ಷಕ್ಕೆ ಏರಿದೆ. ಮನೆ ಕಟ್ಟಿಕೊಳ್ಳುವ ಬಡ ಗೃಹಸ್ಥನನ್ನು ಕಾಗದ ಪತ್ರಗಳ ಕಾಟದಿಂದ ಉಳಿಸಬೇಕೆಂಬುದು ಇದರ ಉದ್ದೇಶವಿರಬಹುದು. ನಾನೂ ಅಂಥ ಗೃಹಸ್ಥನೇ ಆದ್ದರಿಂದ ಅದನ್ನು ದೂರಲಾರೆ. ಆದರೆ ಟ್ಯಾಂಕು ತೊಳೆಯುವವನು, ಬಣ್ಣ ಬಳಿಯುವ ಇಬ್ಬರು, ಸೋಲಾರು ರಿಪೇರಿಯವನು, ಇವರಲ್ಲಿ ಯಾರೂ ಹತ್ತು ಜನ ಕೂಡಿ ಬರುವುದಿಲ್ಲ. ದೊಡ್ಡ ಕಟ್ಟಡದ ಗೇಟಿನೊಳಕ್ಕೆ ಹೋಗುವ ಕಾನೂನು ನಮ್ಮ ಮನೆಯ ಗೇಟಿನ ಹೊರಗೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಒಳಗೆ ಮನೆಯ ಯಜಮಾನನೊಬ್ಬನೇ ಉಳಿಯುತ್ತಾನೆ. ಅವನು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮನಸ್ಸು ಮಾಡುವುದಕ್ಕೆ ನಮ್ಮಲ್ಲಿ ಅಭ್ಯಾಸ ಇಲ್ಲದೆ ಇಲ್ಲ. ಮನೆಗೆ ಮೋಲ್ಡು ಹಾಕುವ ದಿನ ಮೇಸ್ತ್ರಿ ಬಂದು, ಫ್ಯಾನಿನ ಕೊಂಡಿ ಎಲ್ಲಿ ಬಿಡಲಿ ಎಂದು ಕೇಳುತ್ತಾನೆ. ಮನೆಯ ಹಿರಿಯರು ಕೂಡಲೇ, ನಡುಮನೆಯಲ್ಲಿ ಉಯ್ಯಾಲೆಗೆರಡು, ಆ ಕೋಣೆಯಲ್ಲಿ ತೊಟ್ಟಿಲಿಗೊಂದು ಎಂದು ಸೇರಿಸುತ್ತಾರೆ. ಮಗ ಇನ್ನೂ ಕಾಲೇಜಿನಲ್ಲಿರುತ್ತಾನೆ. ಅವನ ಮಗುವಿನ ತೊಟ್ಟಿಲಿಗೆ ಕೊಂಡಿ ಸಿದ್ಧವಾಗುತ್ತದೆ. ಹುಟ್ಟದ ಮಗು ಬೀಳಬಾರದೆಂದು ಸರಳಿಗೆ ಬಿಗಿದು ಕಾಂಕ್ರೀಟಿನಲ್ಲಿ ಹೂಳಿದ ಕೊಂಡಿ ಅದು. ಅದೇ ಮೋಲ್ಡಿನ ಮೇಲ್ಗಡೆ, ಅದೇ ದಿನ, ಅದೇ ಸರಳಿಗೆ ಇನ್ನೆರಡು ದಪ್ಪ ಕೊಂಡಿ ಬಿಗಿಸಬಹುದಲ್ಲ? ಕೆಳಗಿನ ಕೊಂಡಿ ನಮ್ಮ ಮಗುವಿಗೆ. ಮೇಲಿನದು ಇನ್ನೊಬ್ಬಳ ಮಗನಿಗೆ. ಖರ್ಚು ಒಂದು ಮದುವೆಯ ಮುಯ್ಯಿಯಷ್ಟೂ ಆಗಲಾರದು. ಕಟ್ಟಿ ಮುಗಿದ ಮನೆಗೂ ಉಪಾಯವುಂಟು. ಇಂಜಿನಿಯರರಿಂದ ಲೆಕ್ಕ ಹಾಕಿಸಿ, ತೊಲೆಯಿರುವ ಜಾಗ ನೋಡಿ, ತೂತು ಕೊರೆದು ಬೋಲ್ಟು ಬಿಗಿಸಬೇಕು. ಮೆಟ್ಟಿಲ ಕೋಣೆಯ ಮೇಲೆ ಸುತ್ತಲೂ ಕಬ್ಬಿಣದ ಕಟಾಂಜನ ಹಾಕಿಸಿದರೆ ಇನ್ನೂ ಉತ್ತಮ; ಆಗ ಬೆಲ್ಟಿನ ಪ್ರಶ್ನೆಯೇ ಕಡಿಮೆಯಾಗುತ್ತದೆ. ಏಣಿಯ ವಿಷಯದಲ್ಲಂತೂ ಕಾಸಿನ ಖರ್ಚೂ ಇಲ್ಲ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ದೂರವಿಟ್ಟು, ಹತ್ತುವ ಅಂಚಿಗಿಂತ ಮೂರು ಅಡಿ ಮೇಲಕ್ಕೆ ಚಾಚಿ, ತುದಿಯನ್ನು ಕಟ್ಟಿದರೆ ಆಯಿತು.

ನಮ್ಮ ಮನೆಗೆ ಕಟಾಂಜನವನ್ನೂ ಮೂರು ಕೊಂಡಿಗಳನ್ನೂ ಹಾಕಿಸಿದೆ. ಮೇಸ್ತ್ರಿಯೇ ನಿಂತು ಹಾಕಿಸಿದ. ಕೆಲಸ ಮುಗಿದ ಮೇಲೆ ತನ್ನ ಗಾಡಿಯಿಂದ ಬೆಲ್ಟು ತರಿಸಿ, ಒಬ್ಬ ಹುಡುಗನಿಗೆ ತೊಡಿಸಿ, ಕೊಂಡಿ ಸಿಗಿಸಿ, "ಹೋಗು, ಎಲ್ಲೀಗಂಟ ಹೋಗಕ್ಕಾಗತ್ತೆ ನೋಡು" ಎಂದ. ಹುಡುಗ ಅಂಚಿಗೆ ಒಂದು ಮೊಳ ಇರುವಾಗ ಹಗ್ಗ ಬಿಗಿದು ನಿಂತ. ಮುಂದಕ್ಕೆ ಬಾಗಿ ನೋಡಿದ, ಮತ್ತೂ ಬಾಗಿದ, ಹಗ್ಗ ಬಿಡಲಿಲ್ಲ. ಅವನಿಗೆ ನಗು ಬಂತು. ಮಕ್ಕಳು ಉಯ್ಯಾಲೆಯಲ್ಲಿ ನಗುತ್ತಾರಲ್ಲ, ಆ ನಗು.

ಪಕ್ಕದ ಮನೆಯವರು ತಮ್ಮ ತಾರಸಿಯಿಂದ ಇದನ್ನೆಲ್ಲ ನೋಡುತ್ತಿದ್ದರು. "ಏನು ಮೇಷ್ಟ್ರೇ, ಮಾಳಿಗೆ ಮೇಲೆ ಎಮ್ಮೆ ಕಟ್ಟುತ್ತೀರಾ?" ಎಂದು ಕೇಳಿದರು. ಹೌದೆಂದೆ. ಹಗ್ಗದ ಅಳತೆಯನ್ನು ಅವರಿಗೂ ವಿವರಿಸಿದೆ. ಅವರು ಗೋಡೆಗೆ ಮೊಳಕೈ ಊರಿಕೊಂಡು ಕೊನೆಯವರೆಗೂ ಕೇಳಿದರು. ಹೋದ ವಾರ ಮೇಸ್ತ್ರಿಯ ನಂಬರು ತೆಗೆದುಕೊಂಡಿದ್ದಾರೆ. ಹಾಕಿಸುತ್ತಾರೋ ಇಲ್ಲವೋ ನೋಡಬೇಕು. ಅವರ ಮನೆಗೆ ಬಣ್ಣ ಹೊಡೆಯುವುದು ದೀಪಾವಳಿಗೆ ಮುಂಚೆ.